ಹೆಲ್ಮೆಟ್ (ದ್ವಿಚಕ್ರ ವಾಹನ)

ಹೆಲ್ಮೆಟ್ ಅಥವಾ ಶಿರಸ್ತ್ರಾಣವು ಮೋಟಾರ್ ಸೈಕಲ್, ಸ್ಕೂಟರ್, ಮೊಪೆಡ್ ಮೊದಲಾದ ದ್ವಿಚಕ್ರ ವಾಹನಗಳ ಸವಾರರು ಅಪಘಾತದ ವೇಳೆ ತಲೆಗೆ ಬೀಳುವ ಪೆಟ್ಟನ್ನು ತಗ್ಗಿಸಲು ಧರಿಸುವ ರಕ್ಷಣಾ ಸಾಧನವಾಗಿದೆ. ಸಂಸ್ಕೃತದ ‘ಶಿರಸ್’ ಮತ್ತು ‘ತ್ರಾಣ’ ಎಂಬ ಪದಗಳಿಂದ ಶಿರಸ್ತ್ರಾಣ ಶಬ್ದವು ಬಂದಿದೆ. ತಲೆಯನ್ನು ಕಾಯುವುದು ಎಂಬುದು ಅದರ ಅರ್ಥ. ಮೊದಲು ಯುದ್ಧದ ಸಂದರ್ಭದಲ್ಲಿ ಬಳಕೆಯಾಗುತ್ತಿದ್ದ ಈ ಪದವು ಈಗ ಸರ್ಕಾರಿ ಆದೇಶಗಳಲ್ಲಿಯೂ ಪತ್ರಿಕೆಗಳಲ್ಲಿಯೂ ವಾಹನ ಸವಾರರ ಹೆಲ್ಮೆಟ್ಟಿಗೆ ಬಳಕೆಯಾಗುತ್ತಿದೆ. ಆಡುಮಾತಿನಲ್ಲಿ ಮಾತ್ರ ‘ಹೆಲ್ಮೆಟ್’ ಎಂಬುದೇ ರೂಢಿಯಲ್ಲಿದೆ.

ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ, ಉತ್ತಮ ಗುಣಮಟ್ಟದ ಹೆಲ್ಮೆಟ್ಟನ್ನು ಸರಿಯಾಗಿ ಧರಿಸುವುದರಿಂದ ಸಾವಿನ ಸಂಭವವು ಶೇ. 40ಕ್ಕೂ ಹೆಚ್ಚು, ತಲೆಗೆ ತೀವ್ರ ಗಾಯವಾಗುವ ಸಂಭವವು ಸುಮಾರು ಶೇ. 70ರಷ್ಟು ಕಡಿಮೆಯಾಗುತ್ತದೆ. ಈ ಮಾತಿನಲ್ಲಿ ‘ಉತ್ತಮ ಗುಣಮಟ್ಟದ’ ಮತ್ತು ‘ಸರಿಯಾಗಿ’ ಎಂಬ ಎರಡು ಪದಗಳು ಮುಖ್ಯವಾದವು. ನಮ್ಮ ರಸ್ತೆಗಳಲ್ಲಿ ಕಾಣುವ ಅನೇಕ ಹೆಲ್ಮೆಟ್ಟುಗಳಿಗೆ ಇವೆರಡೂ ಅನ್ವಯಿಸುವುದಿಲ್ಲ.

ಇತಿಹಾಸ

ಮೋಟಾರ್ ಸೈಕಲ್ ಬಳಕೆಗೆ ಬಂದ ಆರಂಭದ ದಿನಗಳಲ್ಲಿ ಸವಾರರು ಧೂಳಿನಿಂದ ರಕ್ಷಣೆ ಪಡೆಯಲು ಚರ್ಮದ ಟೋಪಿ ಮತ್ತು ಕನ್ನಡಕ ಧರಿಸುತ್ತಿದ್ದರೇ ಹೊರತು ಪೆಟ್ಟಿನಿಂದ ರಕ್ಷಣೆಗೆ ಏನೂ ಇರಲಿಲ್ಲ. ಇಂಗ್ಲೆಂಡಿನ ಬ್ರೂಕ್‌ಲ್ಯಾಂಡ್ಸ್ ಪಂದ್ಯದ ಪಥದಲ್ಲಿ ವೈದ್ಯರಾಗಿದ್ದ ಎರಿಕ್ ಗಾರ್ಡ್ನರ್ ಎಂಬವರು ಬಟ್ಟೆ ಮತ್ತು ಅರಗಿನಿಂದ ಮಾಡಿದ ಗಟ್ಟಿ ಟೋಪಿಯೊಂದನ್ನು ಸಿದ್ಧಪಡಿಸಿದರು. 1914ರ ಐಲ್ ಆಫ್ ಮ್ಯಾನ್ ಪಂದ್ಯದಲ್ಲಿ ಅದನ್ನು ಕಡ್ಡಾಯ ಮಾಡಲಾಯಿತು. ಆದರೆ ಅದು ಪಂದ್ಯದ ಸವಾರರಿಗೆ ಮಾತ್ರ ಸೀಮಿತವಾಗಿತ್ತು.

ಸಾಮಾನ್ಯ ಸವಾರರಿಗೂ ಹೆಲ್ಮೆಟ್ ಬೇಕು ಎಂಬ ವಿಚಾರಕ್ಕೆ ಬಲ ಬಂದದ್ದು ಒಂದು ಪ್ರಸಿದ್ಧ ಸಾವಿನಿಂದ. ‘ಲಾರೆನ್ಸ್ ಆಫ್ ಅರೇಬಿಯಾ’ ಎಂದೇ ಹೆಸರಾದ ಟಿ. ಇ. ಲಾರೆನ್ಸ್ ಅವರು 1935ರ ಮೇ 13ರಂದು ಇಂಗ್ಲೆಂಡಿನ ಡಾರ್ಸೆಟ್‌ನಲ್ಲಿ ತಮ್ಮ ಬ್ರೌ ಸುಪೀರಿಯರ್ ಮೋಟಾರ್ ಸೈಕಲ್ಲಿನಲ್ಲಿ ಹೋಗುತ್ತಿದ್ದಾಗ, ಸೈಕಲ್ ತುಳಿಯುತ್ತಿದ್ದ ಇಬ್ಬರು ಹುಡುಗರನ್ನು ತಪ್ಪಿಸಲು ಹೋಗಿ ಬಿದ್ದರು. ತಲೆಗೆ ಬಲವಾದ ಪೆಟ್ಟು ಬಿದ್ದು, ಪ್ರಜ್ಞೆ ಮರಳದೆಯೇ ಆರು ದಿನಗಳ ನಂತರ ತೀರಿಕೊಂಡರು. ಅವರಿಗೆ ಚಿಕಿತ್ಸೆ ನೀಡಿದ ವೈದ್ಯರಲ್ಲಿ ಆಸ್ಟ್ರೇಲಿಯಾ ಮೂಲದ ನರಶಸ್ತ್ರಚಿಕಿತ್ಸಕ ಹ್ಯೂ ಕೈರ್ನ್ಸ್ ಒಬ್ಬರು. ತಡೆಯಬಹುದಾಗಿದ್ದ ಈ ಸಾವು ಅವರನ್ನು ಅಧ್ಯಯನಕ್ಕೆ ಹಚ್ಚಿತು. ಎರಡನೇ ಮಹಾಯುದ್ಧದ ಕಾಲದಲ್ಲಿ ಸೈನ್ಯದ ಪತ್ರವಾಹಕ ಸವಾರರು ಕತ್ತಲ ರಸ್ತೆಗಳಲ್ಲಿ ಹೆಚ್ಚಿನ ಸಂಖ್ಯೆಯಲ್ಲಿ ಸಾಯುತ್ತಿದ್ದರು. ಕೈರ್ನ್ಸ್ 1941ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಪ್ರಕಟಿಸಿದ ಲೇಖನದಲ್ಲಿ, ಹೆಲ್ಮೆಟ್ ಧರಿಸಿ ಅಪಘಾತಕ್ಕೀಡಾದ ಏಳು ಮಂದಿಯ ವಿವರವನ್ನು ನೀಡಿದರು. ಅವರಲ್ಲಿ ಒಬ್ಬರೂ ಸತ್ತಿರಲಿಲ್ಲ. ಅದೇ ವರ್ಷದ ನವೆಂಬರಿನಲ್ಲಿ ಬ್ರಿಟಿಷ್ ಸೈನ್ಯವು ತನ್ನ ಸವಾರರಿಗೆ ಹೆಲ್ಮೆಟ್ ಕಡ್ಡಾಯಗೊಳಿಸಿತು.

ಇಷ್ಟು ಸ್ಪಷ್ಟವಾದ ಸಂಗತಿಯು ನಾಗರಿಕರಿಗೆ ಕಾನೂನಾಗಿ ಬರಲು ಬ್ರಿಟನ್ನಿನಲ್ಲಿ 1973ರವರೆಗೆ ಕಾಯಬೇಕಾಯಿತು. ಕೈರ್ನ್ಸ್ 1952ರಲ್ಲಿಯೇ ನಿಧನರಾಗಿದ್ದರು. ಅಷ್ಟರಲ್ಲಿ ಆಸ್ಟ್ರೇಲಿಯಾದ ವಿಕ್ಟೋರಿಯಾ ರಾಜ್ಯವು 1961ರಲ್ಲಿಯೇ ಇಂತಹ ಕಾನೂನನ್ನು ಜಾರಿಗೆ ತಂದಿತ್ತು.

ರಚನೆ ಮತ್ತು ಕಾರ್ಯವಿಧಾನ

ಹೆಲ್ಮೆಟ್ಟಿನ ಹೊರಚಿಪ್ಪು ಗಟ್ಟಿಯಾಗಿರುವುದರಿಂದ ರಕ್ಷಣೆಯೆಲ್ಲ ಅದರಿಂದಲೇ ಬರುತ್ತದೆ ಎಂದು ಅನೇಕರು ಭಾವಿಸುತ್ತಾರೆ. ವಾಸ್ತವವಾಗಿ ಮುಖ್ಯ ಕೆಲಸವನ್ನು ಮಾಡುವುದು ಒಳಗಿರುವ, ನೋಡಲು ಥರ್ಮಾಕೋಲಿನಂತಿರುವ ಪದರ. ಇದು ಪಾಲಿಸ್ಟೈರೀನ್ ಎಂಬ ವಸ್ತುವನ್ನು ಉಬ್ಬಿಸಿ ತಯಾರಿಸಿದ್ದು. ಹೊರಚಿಪ್ಪು ಪೆಟ್ಟನ್ನು ವಿಶಾಲವಾದ ಜಾಗಕ್ಕೆ ಹರಡುತ್ತದೆ, ಚೂಪಾದ ವಸ್ತುಗಳು ಒಳಹೊಗದಂತೆ ತಡೆಯುತ್ತದೆ. ಒಳಪದರವು ಕುಗ್ಗಿ ಆ ಶಕ್ತಿಯನ್ನು ಹೀರಿಕೊಳ್ಳುತ್ತದೆ.

ಇದನ್ನು ಪ್ರೌಢಶಾಲೆಯ ಭೌತಶಾಸ್ತ್ರದಿಂದಲೇ ಅರ್ಥ ಮಾಡಿಕೊಳ್ಳಬಹುದು. ನಿಂತ ಸ್ಕೂಟರಿನಿಂದ ಒಬ್ಬ ವ್ಯಕ್ತಿ ಪಕ್ಕಕ್ಕೆ ಉರುಳಿದನು, ತಲೆಯು ಒಂದೂವರೆ ಮೀಟರ್ ಎತ್ತರದಿಂದ ನೆಲಕ್ಕೆ ಬಂದಿತು ಎಂದು ಭಾವಿಸೋಣ. ನೆಲ ಮುಟ್ಟುವಾಗ ತಲೆಯ ವೇಗವು ಗಂಟೆಗೆ ಸುಮಾರು 19 ಕಿಲೋಮೀಟರ್ ಆಗಿರುತ್ತದೆ. ಬರಿಯ ತಲೆ ಡಾಂಬರಿಗೆ ತಾಗಿ ಮೂರು ಮಿಲಿಮೀಟರ್ ಅಂತರದಲ್ಲಿ ನಿಂತರೆ, ಅದರ ಮೇಲಾಗುವ ವೇಗತಗ್ಗುವಿಕೆಯು ಗುರುತ್ವದ ಸುಮಾರು 500 ಪಟ್ಟು. ಹೆಲ್ಮೆಟ್ಟಿನ ಒಳಪದರವು 25 ಮಿಲಿಮೀಟರಿನಷ್ಟು ಕುಗ್ಗಿ ತಲೆಯನ್ನು ನಿಧಾನವಾಗಿ ನಿಲ್ಲಿಸಿದರೆ ಅದು ಸುಮಾರು 60 ಪಟ್ಟಿಗೆ ಇಳಿಯುತ್ತದೆ. ಇದು ಸರಳಗೊಳಿಸಿದ ಲೆಕ್ಕವೇ ಆದರೂ ತತ್ತ್ವವು ಇದೇ: ಹೆಲ್ಮೆಟ್ ನೀಡುವುದು ಎರಡು ಬೆರಳಗಲಕ್ಕೂ ಕಡಿಮೆಯಾದ ಜಾಗವನ್ನು ಮಾತ್ರ. ವಾಹನವು ಚಲಿಸದೆ ನಿಂತಿದ್ದಾಗಲೇ ಇಷ್ಟಾಗುತ್ತದೆ ಎಂಬುದನ್ನು ‘ಇಲ್ಲೇ ಹತ್ತಿರ ಹೋಗಿ ಬರುತ್ತೇನೆ’ ಎಂದು ಹೆಲ್ಮೆಟ್ ಬಿಟ್ಟು ಹೊರಡುವವರು ಗಮನಿಸಬೇಕು.

ಒಮ್ಮೆ ಕುಗ್ಗಿದ ಒಳಪದರವು ಮತ್ತೆ ಮೊದಲಿನಂತಾಗುವುದಿಲ್ಲ. ಆದ್ದರಿಂದ ಬಲವಾದ ಪೆಟ್ಟು ತಿಂದ ಹೆಲ್ಮೆಟ್ಟನ್ನು, ಹೊರಗೆ ಬಿರುಕು ಕಾಣದಿದ್ದರೂ, ಬಳಸಬಾರದು. ಹಳೆಯ ಹೆಲ್ಮೆಟ್ಟನ್ನು ಕೊಳ್ಳಬಾರದು ಎನ್ನುವುದೂ ಇದೇ ಕಾರಣಕ್ಕೆ.

ಗಲ್ಲದ ಪಟ್ಟಿಯು ಹೆಲ್ಮೆಟ್ಟಿನ ಮೂರನೆಯ ಮುಖ್ಯ ಭಾಗ. ಪಟ್ಟಿಯನ್ನು ಬಿಗಿಯದೆ ಧರಿಸಿದ ಹೆಲ್ಮೆಟ್ ಮೊದಲ ಪೆಟ್ಟಿಗೇ, ಅನೇಕ ವೇಳೆ ಪೆಟ್ಟು ಬೀಳುವ ಮೊದಲೇ, ತಲೆಯಿಂದ ಹಾರಿಹೋಗುತ್ತದೆ.

ವಿಧಗಳು

ಇಡೀ ಮುಖವನ್ನು ಮುಚ್ಚುವ ಪೂರ್ಣ ಹೆಲ್ಮೆಟ್, ಗಲ್ಲದ ಭಾಗವನ್ನು ಮೇಲೆತ್ತಬಹುದಾದ ಹೆಲ್ಮೆಟ್, ಮುಖವು ತೆರೆದಿರುವ ಹೆಲ್ಮೆಟ್ ಎಂದು ಸ್ಥೂಲವಾಗಿ ವಿಂಗಡಿಸಬಹುದು. ಕೆಳದವಡೆ ಮತ್ತು ಹಲ್ಲುಗಳಿಗೆ ಪೂರ್ಣ ಹೆಲ್ಮೆಟ್ಟೇ ಹೆಚ್ಚಿನ ರಕ್ಷಣೆ ನೀಡುತ್ತದೆ. ಕಿವಿಯ ಮೇಲೆಯೇ ಮುಗಿದುಹೋಗುವ ‘ಅರ್ಧ ಹೆಲ್ಮೆಟ್’ ಮತ್ತು ಕಟ್ಟಡ ಕಾರ್ಮಿಕರು ಧರಿಸುವ ಪ್ಲಾಸ್ಟಿಕ್ ಟೋಪಿ ದಂಡವನ್ನು ತಪ್ಪಿಸಲು ಧರಿಸುವಂಥವೇ ಹೊರತು ಪೆಟ್ಟನ್ನು ತಪ್ಪಿಸುವಂಥವಲ್ಲ.

ಭಾರತದಲ್ಲಿ ದ್ವಿಚಕ್ರ ವಾಹನ ಅಪಘಾತಗಳು

ಭಾರತದಲ್ಲಿ ನೋಂದಣಿಯಾದ ವಾಹನಗಳಲ್ಲಿ ಸುಮಾರು ನಾಲ್ಕರಲ್ಲಿ ಮೂರು ಪಾಲು ದ್ವಿಚಕ್ರ ವಾಹನಗಳು. ಕೇಂದ್ರ ರಸ್ತೆ ಸಾರಿಗೆ ಮತ್ತು ಹೆದ್ದಾರಿ ಸಚಿವಾಲಯದ ವರದಿಯ ಪ್ರಕಾರ 2022ರಲ್ಲಿ ದೇಶದ ರಸ್ತೆ ಅಪಘಾತಗಳಲ್ಲಿ 1,68,491 ಮಂದಿ ಮೃತಪಟ್ಟರು. ಅವರಲ್ಲಿ 74,897 ಮಂದಿ, ಅಂದರೆ ಶೇ. 44.5ರಷ್ಟು, ದ್ವಿಚಕ್ರ ವಾಹನಗಳಲ್ಲಿ ಇದ್ದವರು. ಅದೇ ವರ್ಷ ಹೆಲ್ಮೆಟ್ ಧರಿಸದೆ ಸತ್ತವರ ಸಂಖ್ಯೆ 50,029. ಇವರಲ್ಲಿ 35,692 ಮಂದಿ ಚಾಲಕರು ಮತ್ತು 14,337 ಮಂದಿ ಹಿಂಬದಿ ಸವಾರರು.

ಕಾರಿನಲ್ಲಿ ಕುಳಿತವನ ಸುತ್ತ ಲೋಹದ ಗೂಡು, ಸೀಟ್ ಬೆಲ್ಟ್, ಏರ್‌ಬ್ಯಾಗ್ ಇರುತ್ತವೆ. ಮೋಟಾರ್ ಸೈಕಲ್ ಸವಾರನಿಗೆ ಇವು ಯಾವುವೂ ಇಲ್ಲ. ಮೇಲಾಗಿ ಆತನ ವಾಹನ ನೆಟ್ಟಗೆ ನಿಲ್ಲುವುದು ಎರಡು ಅಂಗೈಯಗಲದ ಟಯರುಗಳ ಹಿಡಿತದಿಂದ. ಮೊದಲ ಮಳೆಗೆ ರಸ್ತೆಯ ಮೇಲಿನ ಎಣ್ಣೆ ತೇಲಿ ಬಂದಾಗ, ತಿರುವಿನಲ್ಲಿ ಜಲ್ಲಿ ಅಥವಾ ಮರಳು ಚೆಲ್ಲಿದಾಗ, ಬಣ್ಣ ಬಳಿಯದ ರಸ್ತೆಯುಬ್ಬು ಕತ್ತಲಲ್ಲಿ ಎದುರಾದಾಗ ಈ ಹಿಡಿತವು ಕ್ಷಣದಲ್ಲಿ ತಪ್ಪುತ್ತದೆ. ಕರ್ನಾಟಕದ ಬಯಲುಸೀಮೆಯಲ್ಲಿ ಸುಗ್ಗಿಯ ಕಾಲದಲ್ಲಿ ಇನ್ನೊಂದು ಅಪಾಯವಿದೆ. ಕಣ ಮಾಡುವವರು ಕಡಿಮೆಯಾದಂತೆ ರಾಗಿ, ಹುರುಳಿ ಮುಂತಾದ ಬೆಳೆಗಳನ್ನು ಡಾಂಬರು ರಸ್ತೆಯ ಮೇಲೆಯೇ ಹರಡಿ, ಓಡಾಡುವ ವಾಹನಗಳ ಚಕ್ರದಿಂದ ಒಕ್ಕಣೆ ಮಾಡಿಸುವ ರೂಢಿ ಬೆಳೆದಿದೆ. ಲಾರಿ, ಬಸ್ಸುಗಳಿಗೆ ಇದು ಅಷ್ಟು ತೊಂದರೆ ಕೊಡುವುದಿಲ್ಲ. ಹುಲ್ಲಿನ ಮೇಲೆ ಬ್ರೇಕ್ ಹಾಕಿದ ಬೈಕ್ ಮಾತ್ರ ಮಂಜುಗಡ್ಡೆಯ ಮೇಲೆ ಹೋದಂತೆ ಜಾರುತ್ತದೆ.

ಕಾನೂನು

ಮೋಟಾರು ವಾಹನಗಳ ಅಧಿನಿಯಮ, 1988ರ 129ನೇ ಕಲಮು ಸವಾರರಿಗೂ ಹಿಂಬದಿ ಸವಾರರಿಗೂ ಹೆಲ್ಮೆಟ್ಟನ್ನು ಕಡ್ಡಾಯಗೊಳಿಸುತ್ತದೆ. ಪೇಟ ಧರಿಸಿದ ಸಿಖ್ಖರಿಗೆ ವಿನಾಯಿತಿ ಇದೆ. 2019ರ ತಿದ್ದುಪಡಿಯ ಪ್ರಕಾರ ನಾಲ್ಕು ವರ್ಷ ಮೀರಿದ ಎಲ್ಲರೂ ಹೆಲ್ಮೆಟ್ ಧರಿಸಬೇಕು. ತಪ್ಪಿದಲ್ಲಿ 1,000 ರೂಪಾಯಿ ದಂಡ ಮತ್ತು ಮೂರು ತಿಂಗಳು ಚಾಲನಾ ಪರವಾನಗಿ ಅಮಾನತಿಗೆ ಅವಕಾಶವಿದೆ. ಕರ್ನಾಟಕ ಸರ್ಕಾರವು ಈ ದಂಡವನ್ನು 500 ರೂಪಾಯಿಗೆ ಇಳಿಸಿತು. ಕರ್ನಾಟಕದಲ್ಲಿ ಹಿಂಬದಿ ಸವಾರರಿಗೆ ಹೆಲ್ಮೆಟ್ ಕಡ್ಡಾಯದ ನಿಯಮವು 2016ರ ಜನವರಿಯಿಂದ ಜಾರಿಗೆ ಬಂದಿತು.

ಹೆಲ್ಮೆಟ್ಟಿನ ಗುಣಮಟ್ಟವನ್ನು ಭಾರತೀಯ ಮಾನಕ ಬ್ಯೂರೋದ ಐಎಸ್ 4151 ಎಂಬ ಮಾನಕವು ನಿರ್ಧರಿಸುತ್ತದೆ. 2021ರ ಜೂನ್ 1ರಿಂದ ಐಎಸ್‌ಐ ಗುರುತಿಲ್ಲದ ದ್ವಿಚಕ್ರ ಹೆಲ್ಮೆಟ್ಟುಗಳ ತಯಾರಿಕೆ ಮತ್ತು ಮಾರಾಟ ಎರಡೂ ಕಾನೂನುಬಾಹಿರವಾಗಿವೆ. ಆದರೂ ರಸ್ತೆ ಬದಿಯಲ್ಲಿ ರಾಶಿ ಹಾಕಿ ಮಾರುವ ಅಗ್ಗದ ಹೆಲ್ಮೆಟ್ಟುಗಳಲ್ಲಿ ನಕಲಿ ಗುರುತು ಅಂಟಿಸಿದವು ಸಾಕಷ್ಟಿವೆ.

ಹಿಂಬದಿ ಸವಾರರು ಮತ್ತು ಮಕ್ಕಳು

ದಂಡದ ಭಯದಿಂದ ಗಂಡನು ಹೆಲ್ಮೆಟ್ ಧರಿಸಿರುತ್ತಾನೆ. ಹಿಂದೆ ಕುಳಿತ ಹೆಂಡತಿಗೆ ಇಲ್ಲ. ಟ್ಯಾಂಕಿನ ಮೇಲೆ ಕುಳಿತ ಮಗುವಿಗಂತೂ ಇಲ್ಲವೇ ಇಲ್ಲ. ಬೆಳಗಿನ ಹೊತ್ತು ಯಾವುದೇ ಶಾಲೆಯ ಗೇಟಿನ ಮುಂದೆ ಐದು ನಿಮಿಷ ನಿಂತರೆ ಈ ದೃಶ್ಯ ಕಾಣುತ್ತದೆ. ಬೀಳುವ ತಲೆಗೆ ಮುಂದಿನದು, ಹಿಂದಿನದು ಎಂಬ ಭೇದವಿಲ್ಲ. ಹ್ಯಾಂಡಲಿನ ಆಧಾರವೂ ಇಲ್ಲದ, ಮುಂದಿನ ರಸ್ತೆಯೂ ಕಾಣದ ಹಿಂಬದಿ ಸವಾರರು ಬೀಳುವುದಕ್ಕೆ ಸಿದ್ಧರಾಗಿಯೂ ಇರುವುದಿಲ್ಲ. ರಾಷ್ಟ್ರಪ್ರಶಸ್ತಿ ಪುರಸ್ಕೃತ ಕನ್ನಡ ನಟ ಸಂಚಾರಿ ವಿಜಯ್ ಅವರು 2021ರ ಜೂನ್ ತಿಂಗಳಲ್ಲಿ ಬೆಂಗಳೂರಿನಲ್ಲಿ ಬೈಕಿನ ಹಿಂಬದಿಯಲ್ಲಿ ಕುಳಿತು ಹೋಗುತ್ತಿದ್ದಾಗ ಅಪಘಾತವಾಗಿ, ತಲೆಗೆ ಬಿದ್ದ ಪೆಟ್ಟಿನಿಂದ ಮೃತಪಟ್ಟರು. ಅವರ ಅಂಗಾಂಗಗಳನ್ನು ಕುಟುಂಬದವರು ದಾನ ಮಾಡಿದರು.

ನಾಲ್ಕು ವರ್ಷದೊಳಗಿನ ಮಕ್ಕಳ ಬಗ್ಗೆ 2023ರ ಫೆಬ್ರವರಿಯಿಂದ ಪ್ರತ್ಯೇಕ ನಿಯಮವಿದೆ. ಮಗುವನ್ನು ಸವಾರನಿಗೆ ಬಂಧಿಸುವ ಸುರಕ್ಷಾ ಪಟ್ಟಿ ಇರಬೇಕು, ಒಂಬತ್ತು ತಿಂಗಳು ತುಂಬಿದ ಮಗುವಿಗೆ ಅದರ ತಲೆಗೆ ಹೊಂದುವ ಹೆಲ್ಮೆಟ್ ಇರಬೇಕು, ವೇಗವು ಗಂಟೆಗೆ 40 ಕಿಲೋಮೀಟರ್ ಮೀರಬಾರದು. ದೊಡ್ಡವರ ಹೆಲ್ಮೆಟ್ಟನ್ನು ಮಗುವಿಗೆ ತೊಡಿಸುವುದು ಸರಿಯಲ್ಲ. ಅದರ ಭಾರವು ಎಳೆಯ ಕುತ್ತಿಗೆಗೆ ತೊಂದರೆ ಕೊಡುತ್ತದೆ, ಬಿದ್ದಾಗ ಕಳಚಿಯೂ ಹೋಗುತ್ತದೆ.

ಸೀರೆಯ ಸೆರಗು, ದುಪಟ್ಟಾಗಳು ಹಿಂದಿನ ಚಕ್ರಕ್ಕೆ ಸಿಕ್ಕಿ ಕುತ್ತಿಗೆಗೆ ಬಿಗಿಯುವ ಅಪಘಾತಗಳು ಆಗಾಗ ನಡೆಯುತ್ತವೆ. ಚಕ್ರದ ಅರ್ಧಭಾಗವನ್ನಾದರೂ ಮುಚ್ಚುವ ತಡೆ, ಹಿಡಿಕೆ ಮತ್ತು ಕಾಲಿಡುವ ಮೆಟ್ಟಿಲು ಪ್ರತಿ ವಾಹನದಲ್ಲಿ ಇರಬೇಕೆಂದು ಕೇಂದ್ರ ಮೋಟಾರು ವಾಹನ ನಿಯಮಗಳು ಹೇಳುತ್ತವೆ. ‘ಸೀರೆ ಗಾರ್ಡ್’ ಎಂದು ಕರೆಯುವ ಈ ತಡೆಯನ್ನು ಅಂದಕ್ಕಾಗಿ ಬಿಚ್ಚಿಸುವ ತರುಣರು ಅದೇ ಬೈಕಿನಲ್ಲಿ ತಾಯಿಯನ್ನೂ ಕೂರಿಸಿಕೊಂಡು ಹೋಗುತ್ತಾರೆ.

ತಪ್ಪು ಕಲ್ಪನೆಗಳು

ಹೆಲ್ಮೆಟ್ಟಿನಿಂದ ಕೂದಲು ಉದುರುತ್ತದೆ, ಕಿವಿ ಕೇಳುವುದಿಲ್ಲ, ಕುತ್ತಿಗೆ ಮುರಿಯುತ್ತದೆ ಎಂಬ ಮಾತುಗಳು ಪ್ರಚಲಿತದಲ್ಲಿವೆ. ಬೆವರಿನಿಂದ ನೆತ್ತಿಯಲ್ಲಿ ಕೆರೆತ ಉಂಟಾಗಬಹುದು; ತೆಳುವಾದ ಹತ್ತಿಯ ಬಟ್ಟೆ ಕಟ್ಟಿಕೊಂಡು, ಒಳಮೆತ್ತೆಯನ್ನು ಆಗಾಗ ತೊಳೆದರೆ ಅದು ಪರಿಹಾರವಾಗುತ್ತದೆ. ಹೆಲ್ಮೆಟ್ ಹಾರನ್ನಿನ ಸದ್ದನ್ನು ತಗ್ಗಿಸುವಂತೆ ಗಾಳಿಯ ಸದ್ದನ್ನೂ ತಗ್ಗಿಸುವುದರಿಂದ ಕೇಳಬೇಕಾದದ್ದು ಕೇಳುತ್ತದೆ. ಕುತ್ತಿಗೆಯ ಗಾಯವು ಹೆಚ್ಚುತ್ತದೆ ಎಂಬುದಕ್ಕೆ ಸಂಶೋಧನೆಗಳಲ್ಲಿ ದೃಢವಾದ ಆಧಾರ ದೊರೆತಿಲ್ಲ. ಬೇಸಿಗೆಯ ಸೆಕೆಯ ದೂರು ಮಾತ್ರ ನಿಜವಾದದ್ದು. ಗಾಳಿಕಿಂಡಿಗಳಿರುವ, ತಿಳಿ ಬಣ್ಣದ ಹೆಲ್ಮೆಟ್ ಅದನ್ನು ಸ್ವಲ್ಪ ಮಟ್ಟಿಗೆ ಸಹನೀಯಗೊಳಿಸುತ್ತದೆ.

ಆಯ್ಕೆ

ಹುಬ್ಬಿನ ಮೇಲ್ಭಾಗದಲ್ಲಿ ಅಳತೆಪಟ್ಟಿಯಿಂದ ತಲೆಯ ಸುತ್ತಳತೆ ತೆಗೆದು ಹೆಲ್ಮೆಟ್ ಕೊಳ್ಳಬೇಕು. ಧರಿಸಿ ತಲೆಯಾಡಿಸಿದಾಗ ಹೆಲ್ಮೆಟ್ ಕೆನ್ನೆಯ ಚರ್ಮದೊಡನೆಯೇ ಚಲಿಸಬೇಕು. ಪಟ್ಟಿ ಬಿಗಿದು ಹಿಂಬದಿಯಿಂದ ಮುಂದಕ್ಕೆ ಎತ್ತಿದಾಗ ಕಳಚಿ ಬರಬಾರದು. ರಾತ್ರಿ ಸಂಚರಿಸುವವರು ಕಪ್ಪು ಗಾಜಿನ ಮುಖಪರದೆಯನ್ನು ಬಳಸಬಾರದು. ಗೀರು ಬಿದ್ದ ಪರದೆಯು ಎದುರಿನ ದೀಪವನ್ನು ಚದುರಿಸಿ ಕಣ್ಣು ಕೋರೈಸುವಂತೆ ಮಾಡುತ್ತದೆ.

ಇತರ ರಕ್ಷಣಾ ಸಾಧನಗಳು

ಬೀಳುವಾಗ ಮನುಷ್ಯನು ಸಹಜವಾಗಿ ಕೈಯೂರುತ್ತಾನೆ. ಹೀಗಾಗಿ ಅಂಗೈ ತರಚುವುದು, ಮಣಿಕಟ್ಟಿನ ಮೂಳೆ ಮುರಿಯುವುದು ಸಾಮಾನ್ಯ. ಅಂಗೈಯಲ್ಲಿ ಚರ್ಮದ ಹೊದಿಕೆಯಿರುವ ಕೈಗವಸು ಇದಕ್ಕೆ ತಕ್ಕ ರಕ್ಷಣೆ. ಹತ್ತಿಯ ಅಂಗಿ ಡಾಂಬರಿನ ಮೇಲೆ ಉಜ್ಜಿದಾಗ ಕ್ಷಣಾರ್ಧದಲ್ಲಿ ಹರಿದುಹೋಗುತ್ತದೆ. ದೂರ ಪ್ರಯಾಣಕ್ಕೆ ಭುಜ, ಮೊಣಕೈ, ಬೆನ್ನುಗಳಿಗೆ ರಕ್ಷಾಫಲಕವಿರುವ ಜಾಕೆಟ್ ಮತ್ತು ಮೊಣಕಾಲು ಕವಚ ಸೂಕ್ತ. ಇವುಗಳ ಬೆಲೆ ಎಲ್ಲರಿಗೂ ನಿಲುಕುವುದಿಲ್ಲ ಎಂಬುದು ದಿಟ. ಆದರೆ ಚಪ್ಪಲಿಯ ಬದಲು ಹಿಮ್ಮಡಿ ಮತ್ತು ಕಾಲ್ಬೆರಳನ್ನು ಮುಚ್ಚುವ ಬೂಟು ಧರಿಸುವುದಕ್ಕೆ ಹೆಚ್ಚಿನ ಖರ್ಚಿಲ್ಲ.

ಅಪಘಾತವಾದಾಗ

ಬಿದ್ದ ಸವಾರನ ಹೆಲ್ಮೆಟ್ಟನ್ನು ನೆರೆದವರು ಅವಸರದಿಂದ ಎಳೆದು ತೆಗೆಯಬಾರದು. ಕುತ್ತಿಗೆಯ ಮೂಳೆಗೆ ಪೆಟ್ಟಾಗಿದ್ದರೆ ಇದರಿಂದ ಬೆನ್ನುಹುರಿಗೆ ಹಾನಿಯಾದೀತು. ಉಸಿರಾಟಕ್ಕೆ ಅಡ್ಡಿಯಿದ್ದರೆ ಅಥವಾ ವಾಂತಿಯಾಗುತ್ತಿದ್ದರೆ ಮಾತ್ರ, ಒಬ್ಬರು ತಲೆ ಮತ್ತು ಕುತ್ತಿಗೆಯನ್ನು ಅಲುಗದಂತೆ ಹಿಡಿದು, ಇನ್ನೊಬ್ಬರು ಪಟ್ಟಿ ಬಿಚ್ಚಿ ನಿಧಾನವಾಗಿ ತೆಗೆಯಬೇಕು. ಪ್ರಜ್ಞೆಯಿಲ್ಲದವರ ಬಾಯಿಗೆ ನೀರು ಹಾಕಬಾರದು. 108ಕ್ಕೆ ಕರೆ ಮಾಡಬೇಕು. ನೆರವಿಗೆ ಬಂದವರನ್ನು ಕಾನೂನಿನ ತೊಡಕಿಗೆ ಸಿಲುಕಿಸದಂತೆ ಮೋಟಾರು ವಾಹನಗಳ ಅಧಿನಿಯಮಕ್ಕೆ 2019ರಲ್ಲಿ ಸೇರಿಸಿದ 134ಎ ಕಲಮು ರಕ್ಷಣೆ ನೀಡುತ್ತದೆ.

2016ರ ಫೆಬ್ರವರಿಯಲ್ಲಿ ನೆಲಮಂಗಲದ ಬಳಿ ಲಾರಿಗೆ ಸಿಲುಕಿದ ಹರೀಶ್ ಎಂಬ ಯುವ ಬೈಕ್ ಸವಾರರು ಸಾವಿನಂಚಿನಲ್ಲಿಯೂ ತಮ್ಮ ಅಂಗಾಂಗಗಳನ್ನು ದಾನ ಮಾಡುವಂತೆ ಕೇಳಿಕೊಂಡರು. ಅವರು ಹೆಲ್ಮೆಟ್ ಧರಿಸಿದ್ದರು. ಅವರ ಕಣ್ಣುಗಳನ್ನು ದಾನವಾಗಿ ಪಡೆಯಲಾಯಿತು. ಅದೇ ವರ್ಷ ಕರ್ನಾಟಕ ಸರ್ಕಾರವು ಅವರ ಹೆಸರಿನಲ್ಲಿ ಮುಖ್ಯಮಂತ್ರಿ ಸಾಂತ್ವನ ಹರೀಶ್ ಯೋಜನೆಯನ್ನು ಆರಂಭಿಸಿ, ರಾಜ್ಯದ ರಸ್ತೆಗಳಲ್ಲಿ ಗಾಯಗೊಂಡವರಿಗೆ ಮೊದಲ 48 ಗಂಟೆಗಳಲ್ಲಿ 25,000 ರೂಪಾಯಿವರೆಗಿನ ಚಿಕಿತ್ಸಾ ವೆಚ್ಚವನ್ನು ಭರಿಸುವ ವ್ಯವಸ್ಥೆ ಮಾಡಿತು.