ಲಿನಕ್ಸಿನ ಮರಾಮತ್ತು

ಕೋಲಾರ ಸೀಮೆಯಲ್ಲಿ ಒಂದು ಕೆರೆಯನ್ನು ಕಟ್ಟಿಸಿದವರಾರೆಂದು ಕೇಳಿದರೆ ಅರಸನ ಹೆಸರನ್ನೋ ಪಾಳೆಯಗಾರನ ಹೆಸರನ್ನೋ ಹೇಳುವ ವೃದ್ಧರು ಊರೂರಿಗೂ ಇದ್ದಾರೆ. ಹೋದ ಮಳೆಗಾಲದಲ್ಲಿ ಅದೇ ಕೆರೆಯ ಏರಿಯಲ್ಲಿ ಹೆಗ್ಗಣ ಕೊರೆದ ಬಿಲವನ್ನು ಮುಚ್ಚಿದವನಾರೆಂದು ಕೇಳಿದರೆ ಉತ್ತರವಿಲ್ಲ. ಈ ಅನ್ಯಾಯವು ಕೆರೆಗಳಿಗೆ ಮಾತ್ರ ಸಂಬಂಧಿಸಿದ್ದಲ್ಲವೆಂದು ತೋರಿಸುವುದಕ್ಕಾಗಿ ನಾವು ಈ ದಿನ ವಾಚಕರ ಗಮನವನ್ನು ಲಿನಕ್ಸ್ ಎಂಬ, ಕಂಪ್ಯೂಟರುಗಳನ್ನು ನಡೆಸುವ ವ್ಯವಸ್ಥೆಯ ಕಡೆಗೆ ಸೆಳೆಯಬಯಸುತ್ತೇವೆ.

ಇದು ದೂರದ ವಸ್ತುವೆಂದು ಭಾವಿಸಕೂಡದು. ಮುಳಬಾಗಿಲಿನ ತಾಲ್ಲೂಕು ಕಚೇರಿಯ ಮುಂದೆ ರೈತನು ಜೇಬಿನಿಂದ ತೆಗೆಯುವ ಫೋನು ಆಂಡ್ರಾಯ್ಡ್ ಜಾತಿಯದಾಗಿದ್ದರೆ, ಅದರ ಒಡಲಲ್ಲಿರುವುದು ಲಿನಕ್ಸಿನ ತಿರುಳೇ. 1991ರಲ್ಲಿ ಫಿನ್ಲೆಂಡಿನ ಹೆಲ್ಸಿಂಕಿಯಲ್ಲಿ ವಿದ್ಯಾರ್ಥಿಯಾಗಿದ್ದ ಲಿನಸ್ ಟೋರ್ವಾಲ್ಡ್ಸ್ ಎಂಬವರು ಇದನ್ನು ಆರಂಭಿಸಿದರು, ಮರುವರ್ಷ ಜಿ.ಪಿ.ಎಲ್. ಎಂಬ ಷರತ್ತಿಗೆ ಒಳಪಡಿಸಿದರು. ಇದರ ಸೋರ್ಸ್ ಕೋಡನ್ನು, ಎಂದರೆ ಯಂತ್ರಕ್ಕೆ ಅಪ್ಪಣೆ ಕೊಡುವ ಮೂಲಲೇಖನವನ್ನು, ಯಾರು ಬೇಕಾದರೂ ಓದಬಹುದು, ತಿದ್ದಬಹುದು, ಹಂಚಬಹುದು. ತಿದ್ದಿ ಹಂಚುವವನು ತನ್ನ ತಿದ್ದುಪಡಿಯನ್ನೂ ಅದೇ ಷರತ್ತಿನ ಮೇಲೆ ತೆರೆದಿಡತಕ್ಕದ್ದು.

ಆ ಮೂಲಲೇಖನವು ಈಗ ಮೂರು ಕೋಟಿ ಸಾಲುಗಳನ್ನು ಮೀರಿದೆ. ಅದರ ಮರಾಮತ್ತು ನಡೆಯುವ ಕ್ರಮವು ನಮ್ಮ ಅಧಿಕಾರಿವರ್ಗದವರು ಗಮನಿಸತಕ್ಕಂಥದು. ದೋಷವನ್ನು ಕಂಡವನು ತಿದ್ದುಪಡಿಯನ್ನು ಬರೆದು, ಏಕೆ ತಿದ್ದಿದೆನೆಂಬ ವಿವರಣೆಯೊಡನೆ ಹೆಸರು ಹಾಕಿ ಕಳುಹಿಸುವನು. ಒಂದೊಂದು ಭಾಗಕ್ಕೂ ಹೊಣೆಗಾರರಾದ ಪಾಲಕರುಂಟು. ಅವರ ಪಟ್ಟಿಯು ಮೂಲಲೇಖನದೊಳಗೇ ಇದೆ. ಅವರು ಎಲ್ಲರ ಎದುರಿಗೇ ಪರೀಕ್ಷಿಸಿ, ಬಹಳ ಸಲ ಹಿಂದಕ್ಕೆ ಕಳುಹಿಸಿ, ಒಪ್ಪಿದ್ದಕ್ಕೆ ರುಜು ಹಾಕಿ ಮೇಲಕ್ಕೆ ಸಾಗಿಸುವರು. ಕಡೆಗೆ ಅದು ಟೋರ್ವಾಲ್ಡ್ಸರ ಬಳಿ ಸೇರುವುದು. ಒಂಬತ್ತು ಹತ್ತು ವಾರಗಳಿಗೊಮ್ಮೆ ಹೊಸ ಆವೃತ್ತಿ ಹೊರಡುವುದು. ಹೊರಟ ಆವೃತ್ತಿಗಳ ಬಿರುಕುಗಳನ್ನು ಮುಚ್ಚುವ ಕೆಲಸ ಗ್ರೆಗ್ ಕ್ರೋಹ್-ಹಾರ್ಟ್‌ಮನ್ ಮೊದಲಾದವರದು. ಯಾವ ಸಾಲನ್ನು ಯಾರು, ಎಂದು, ಏತಕ್ಕಾಗಿ ಬದಲಾಯಿಸಿದರೆಂಬುದನ್ನು ಹಲವು ವರ್ಷಗಳ ಮೇಲೂ ಯಾರಾದರೂ ನೋಡಬಹುದು. ನಮ್ಮ ಕಚೇರಿಗಳ ಕಡತಗಳಿಗೆ ಈ ಭಾಗ್ಯ ಎಂದು ಬರುವುದೋ!

ಸುಧಾರಣೆಯು ದುರಸ್ತಿಗಿಂತಲೂ ಕಷ್ಟವಾದದ್ದು. ಕೋಡಿಯನ್ನು ಒಂದಡಿ ಎತ್ತರಿಸಿದರೆ ನೀರು ಹೆಚ್ಚು ನಿಲ್ಲುವುದೇನೋ ನಿಜ. ಆದರೆ ಏರಿಯ ಮೇಲೆ ಒತ್ತಡ ಹೆಚ್ಚುವುದು, ಮೇಲ್ಗಡೆಯ ಹೊಲ ಮುಳುಗುವುದು. ಲಿನಕ್ಸಿನಲ್ಲಿಯೂ ಹಾಗೆಯೇ. ಅದರ ಮೇಲೆ ಈಗಾಗಲೇ ನಡೆಯುತ್ತಿರುವ ತಂತ್ರಾಂಶವು ಹೊಸ ಬದಲಾವಣೆಯಿಂದ ಕೆಡಕೂಡದೆಂಬುದು ಟೋರ್ವಾಲ್ಡ್ಸರು ಬಿಡದೆ ಹಿಡಿದಿರುವ ನಿಯಮ.

ಕಾವಲು ಸಡಿಲಿದರೆ ಏನಾಗುವುದೆಂಬುದನ್ನು 2024ರ ಮಾರ್ಚ್ ತಿಂಗಳು ತೋರಿಸಿತು. ಲಿನಕ್ಸಿನ ಜೊತೆಗೆ ಬರುವ, ಕಡತಗಳನ್ನು ಅಡಕಮಾಡುವ ಎಕ್ಸ್.ಝಡ್. ಎಂಬ ಚಿಕ್ಕ ತಂತ್ರಾಂಶವನ್ನು ಬಹುಕಾಲ ಒಬ್ಬರೇ, ಸಂಬಳವಿಲ್ಲದೆ, ನೋಡಿಕೊಳ್ಳುತ್ತಿದ್ದರು. ಅವರು ದಣಿದಿದ್ದರು. ಸಹಾಯಕನ ವೇಷದಲ್ಲಿ ಬಂದವನೊಬ್ಬನು ಎರಡು ವರ್ಷಕ್ಕೂ ಮೇಲ್ಪಟ್ಟು ಕೆಲಸಮಾಡಿ, ನಂಬಿಕೆ ಗಳಿಸಿ, ಪಾಲಕನ ಅಧಿಕಾರವನ್ನು ಪಡೆದು, ಬಳಿಕ ಅದರೊಳಗೆ ಕಳ್ಳಬಾಗಿಲನ್ನಿಟ್ಟನು. ಆಂಡ್ರೆಸ್ ಫ್ರಾಯಿಂಡ್ ಎಂಬ ಇಂಜಿನಿಯರು ತಮ್ಮ ಯಂತ್ರದ ಪ್ರವೇಶವು ಅರ್ಧ ಸೆಕೆಂಡಿನಷ್ಟು ತಡವಾಗುವುದನ್ನು ಕಂಡು, ಬೆನ್ನುಹತ್ತಿ ಬಯಲುಮಾಡದಿದ್ದರೆ ಅದು ಲೋಕದ ಅಸಂಖ್ಯ ಯಂತ್ರಗಳನ್ನು ಹೊಗುತ್ತಿದ್ದಿತು.

ನಮ್ಮ ಜಿಲ್ಲೆಗೆ ಇದು ಅಪರಿಚಿತ ಕಥೆಯಲ್ಲ. 1961ರ ಕಾನೂನು ವಂಶಪಾರಂಪರ್ಯದ ಗ್ರಾಮಾಧಿಕಾರಗಳನ್ನು ರದ್ದುಮಾಡಿತು, ಅದು ನ್ಯಾಯವೇ. ಆದರೆ ತೂಬಿನ ಬಳಿ ನಿಲ್ಲುವ ನೀರುಗಂಟಿಯ ಕೂಲಿಯನ್ನು ಇನ್ನು ಮುಂದೆ ಯಾರು ಕೊಡಬೇಕೆಂಬ ಪ್ರಶ್ನೆ ಹಾಗೆಯೇ ಉಳಿಯಿತು, ಹೂಳೂ ಉಳಿಯಿತು.

ದೊಡ್ಡ ಕಂಪೆನಿಗಳೇ ಸಂಬಳ ಕೊಟ್ಟು ಲಿನಕ್ಸನ್ನು ತಿದ್ದಿಸುತ್ತಿರುವಾಗ ನಮಗೇಕೆ ಈ ಚಿಂತೆ ಎಂದು ಕೆಲವರು ಕೇಳಬಹುದು. ಇಂಟೆಲ್, ಗೂಗಲ್, ರೆಡ್ ಹ್ಯಾಟ್ ಮೊದಲಾದವು ಹಾಗೆ ಮಾಡಿಸುತ್ತಿರುವುದು ನಿಜ. ಮಾಲೂರಿನಿಂದ ಪ್ರತಿದಿನ ಬೆಂಗಳೂರಿಗೆ ರೈಲು ಹತ್ತುವ ತರುಣರಲ್ಲಿ ಆ ಕೆಲಸಕ್ಕೆ ಯೋಗ್ಯರಾದವರು ಇಲ್ಲವೆನ್ನಲಾಗದು. ಆದರೆ ಕಂಪೆನಿಯು ತನ್ನ ಗದ್ದೆಗೆ ನೀರು ಹರಿಯುವ ಕಾಲುವೆಯನ್ನು ಮೊದಲು ತಿದ್ದಿಕೊಳ್ಳುವುದು. ಕನ್ನಡದ ಕಾಲುವೆಯನ್ನು ತಿದ್ದುವವರಾರು?

ಶ್ರೀನಿವಾಸಪುರವೆಂಬ ಊರ ಹೆಸರನ್ನೇ ನೋಡಿರಿ. ಅದರ ಮೊದಲ ಅಕ್ಷರವು ನಮ್ಮ ಕಣ್ಣಿಗೆ ಒಂದು. ಯೂನಿಕೋಡಿನ ಲೆಕ್ಕದಲ್ಲಿ ಶಕಾರ, ಹಲಂತ ಚಿಹ್ನೆ, ರಕಾರ, ಈಕಾರ ಎಂದು ನಾಲ್ಕು. ‘ಸರ್ಕಾರ’ದ ಅರ್ಕಾವತ್ತಾದರೋ ಉಚ್ಚಾರದಲ್ಲಿ ಮೊದಲು ಬಂದು ಬರಹದಲ್ಲಿ ಆಮೇಲೆ ನಿಲ್ಲತಕ್ಕದ್ದು. ಇವನ್ನು ಹದವಾಗಿ ಜೋಡಿಸುವ ಹಾರ್ಫ್‌ಬಜ್ ಎಂಬುದೂ ತೆರೆದ ಮೂಲದ ತಂತ್ರಾಂಶವೇ. ಲಿನಕ್ಸಿನ ಮೇಲೆ ನಡೆಯುವ ಗ್ನೋಮ್, ಕೆ.ಡಿ.ಇ. ಎಂಬ ಪರದೆ ವ್ಯವಸ್ಥೆಗಳನ್ನು ಕನ್ನಡಿಸಲು ಶ್ರಮಿಸಿದವರುಂಟು. ಆದರೆ ಪ್ರತಿ ಹೊಸ ಆವೃತ್ತಿಯೂ ಹೊಸ ವಾಕ್ಯಗಳನ್ನು ತರುವುದು. ಕೆಲವು ವರ್ಷ ಯಾರೂ ಕೈಹಾಕದಿದ್ದರೆ ಕನ್ನಡದ ಪರದೆಯ ಮೇಲೆ ಇಂಗ್ಲಿಷಿನ ಜೊಂಡು ಬೆಳೆದು ನಿಲ್ಲುವುದು. ಡಿ.ವಿ.ಜಿ.ಯವರು ಹುಟ್ಟಿದ ಮುಳಬಾಗಿಲಿಗೂ ಮಾಸ್ತಿಯವರ ಮಾಲೂರು ಸೀಮೆಗೂ ಇದು ಸಂಬಂಧಪಡದ ವಿಷಯವೆಂದು ನಾವು ಒಪ್ಪಲಾರೆವು.

ಕೇರಳದ ಸರ್ಕಾರಿ ಶಾಲೆಗಳಲ್ಲಿ ಲಿನಕ್ಸನ್ನೇ ತಮಗೆ ಬೇಕಾದಂತೆ ಒಗ್ಗಿಸಿಕೊಂಡು ಕಲಿಸುತ್ತಿದ್ದಾರೆ. ನಮ್ಮಲ್ಲಿ ಹೊಸ ತಂತ್ರಾಂಶವೆಂದರೆ ಉದ್ಘಾಟನೆಗೆ ಹಣವುಂಟು, ಮರಾಮತ್ತಿಗೆ ಬಾಬ್ತೇ ಇಲ್ಲ. ಸರ್ಕಾರದವರು ಅಂಥದೊಂದು ಬಾಬ್ತನ್ನು ಆಯವ್ಯಯದಲ್ಲಿ ತೆರೆಯಲಿ. ಅದಾಗುವವರೆಗೆ ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರಗಳ ಕಾಲೇಜುಗಳು ಕಾಯಬೇಕಾಗಿಲ್ಲ. ಪಾಲಕರು ಒಪ್ಪಿ ಸೇರಿಸಿಕೊಂಡ ತಿದ್ದುಪಡಿಯೊಂದನ್ನು, ಅದು ಒಂದೇ ಸಾಲಿನದಾದರೂ, ವಿದ್ಯಾರ್ಥಿಯ ಪ್ರಾಜೆಕ್ಟಿನ ಲೆಕ್ಕಕ್ಕೆ ಹಿಡಿಯಲಿ. ತಾಲ್ಲೂಕು ಕಚೇರಿಗಳ ಗುಮಾಸ್ತರು ಪರದೆಯ ಮೇಲೆ ಕೆಟ್ಟು ಮೂಡಿದ ಒತ್ತಕ್ಷರವನ್ನು ಬೈದು ಬಿಡದೆ, ಚಿತ್ರ ತೆಗೆದು ಆ ಕಾಲೇಜಿಗೆ ಕಳುಹಿಸಲಿ. ದೋಷವನ್ನು ತಿಳಿಸಲು ಶುಲ್ಕವಿಲ್ಲ, ಶಿಫಾರಸು ಬೇಕಿಲ್ಲ. ನಾಲ್ಕು ಊರುಗಳಲ್ಲಿ ಇದನ್ನು ಮೊದಲು ಕೈಗೊಳ್ಳುವ ಕಾಲೇಜಿನ ಹೆಸರನ್ನೂ, ಅಂಗೀಕೃತವಾದ ತಿದ್ದುಪಡಿಯ ವಿವರವನ್ನೂ ಇದೇ ಪುಟದಲ್ಲಿ ಪ್ರಕಟಿಸಲು ನಾವು ಸಿದ್ಧರಿದ್ದೇವೆ.