ಹಗೇವಿನೊಳಗಿನ ಉಸಿರು

ಗದಗ-ಬೆಟಗೇರಿಯ ಹಳೆಯ ಓಣಿಗಳಲ್ಲಾಗಲಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ ಸೀಮೆಯ ಹಳ್ಳಿಗಳಲ್ಲಾಗಲಿ ವಯಸ್ಸಾದ ರೈತರನ್ನು ಹಗೇವಿನ ಬಗ್ಗೆ ಕೇಳಿ ನೋಡಿ. ಎರಡು ಮಾತು ಬರುತ್ತವೆ. ಒಂದು, ಹಗೇವಿನಲ್ಲಿಟ್ಟ ಜೋಳ ವರ್ಷಗಟ್ಟಲೆ ಕೆಡುತ್ತಿರಲಿಲ್ಲ ಎಂಬ ಹೆಮ್ಮೆಯ ಮಾತು. ಇನ್ನೊಂದು, ಬಾಯಿ ತೆರೆದ ಕೂಡಲೇ ಹಗೇವಿಗೆ ಇಳಿಯಬಾರದು ಎಂಬ ಎಚ್ಚರಿಕೆಯ ಮಾತು. ಇಳಿದವರು ಮೇಲೆ ಬಾರದೆ ಹೋದದ್ದು, ಅವರನ್ನು ಎತ್ತಲು ಹೋದವರೂ ಅಲ್ಲೇ ಉರುಳಿದ್ದು ಈ ಭಾಗದ ಜನರಿಗೆ ಹೊಸ ಸುದ್ದಿಯಲ್ಲ.

ಕಾಳನ್ನು ಕಾಯುವ ಗುಂಡಿ ಮನುಷ್ಯನನ್ನು ಏಕೆ ಕೊಲ್ಲಬೇಕು? ಇವೆರಡೂ ಬೇರೆ ಬೇರೆ ಸಂಗತಿಗಳಲ್ಲ. ಎರಡರ ಹಿಂದೆಯೂ ಇರುವುದು ಒಂದೇ ಕಾರಣ. ಅದನ್ನು ತಿಳಿಯಬೇಕಾದರೆ ಕಣ್ಣಿಗೆ ಕಾಣದ ಜೀವಿಗಳು ಏನು ತಿನ್ನುತ್ತವೆ, ಹೇಗೆ ಬೆಳೆಯುತ್ತವೆ, ಬದುಕಲು ಬೇಕಾದ ಶಕ್ತಿಯನ್ನು ಎಲ್ಲಿಂದ ಪಡೆಯುತ್ತವೆ ಎಂಬುದನ್ನು ತುಸು ನೋಡಬೇಕು.

ನೆಲದೊಳಗಿನ ಕಣಜ

ಹಗೇವು ಎಂದರೆ ನೆಲದಲ್ಲಿ ತೋಡಿದ ಕಾಳಿನ ಕಣಜ. ಬಾಯಿ ಕಿರಿದು, ಹೊಟ್ಟೆ ಅಗಲ. ನೆಲದಲ್ಲಿ ಹೂತ ದೊಡ್ಡ ಗಡಿಗೆಯಂತೆ ಅದರ ಆಕಾರ. ಎರೆಭೂಮಿ ಮಳೆಗೆ ನೀರು ಹಿಡಿಯುತ್ತದೆ, ಬಿಸಿಲಿಗೆ ಬಿರಿಯುತ್ತದೆ. ಹಾಗಾಗಿ ನೀರು ನಿಲ್ಲದ ಎತ್ತರದ ಜಾಗ ನೋಡಿ, ಗಟ್ಟಿ ನೆಲದಲ್ಲಿ ಇದನ್ನು ತೋಡುತ್ತಿದ್ದರು. ಮನೆಯ ಮುಂದಿನ ಅಂಗಳ, ಪಡಸಾಲೆ, ಕೆಲವೆಡೆ ಓಣಿಯ ನಡುವೆಯೂ ಹಗೇವುಗಳಿದ್ದವು. ಒಳಗಿನ ಗೋಡೆಗೆ ಮತ್ತು ತಳಕ್ಕೆ ಒಣಗಿದ ಜೋಳದ ಕಣಕಿ, ಹೊಟ್ಟು ಕೊಟ್ಟು, ಬಿಸಿಲಲ್ಲಿ ಚೆನ್ನಾಗಿ ಒಣಗಿಸಿದ ಜೋಳ ತುಂಬಿ, ಬಾಯಿಗೆ ಚಪ್ಪಡಿ ಕಲ್ಲು ಮುಚ್ಚಿ, ಸಂದುಗಳನ್ನು ಮಣ್ಣಿನಿಂದ ಮೆತ್ತಿಬಿಡುತ್ತಿದ್ದರು.

ಮಳೆಯನ್ನು ನಂಬಿ ಬದುಕುವ ಸೀಮೆ ಇದು. ಒಂದು ವರ್ಷ ಮಳೆ ಕೈಕೊಟ್ಟರೆ ಹಿಂದಿನ ವರ್ಷದ ಕಾಳೇ ಗತಿ. 1876-78ರ ಮಹಾಬರ ಆಗಿನ ಧಾರವಾಡ ಜಿಲ್ಲೆಯನ್ನೂ ಹಿಂಡಿತ್ತು. ಗದಗ ಆಗ ಆ ಜಿಲ್ಲೆಯಲ್ಲಿಯೇ ಇತ್ತು. (ಗದಗ ಪ್ರತ್ಯೇಕ ಜಿಲ್ಲೆಯಾದದ್ದು 1997ರಲ್ಲಿ.) ಅಂಥ ನಾಡಿನಲ್ಲಿ ತುಂಬಿದ ಹಗೇವು ಒಂದು ಮನೆತನದ ಧೈರ್ಯವಾಗಿತ್ತು. ಬೆಂಕಿಗೆ ಸಿಗುವುದಿಲ್ಲ, ಇಲಿಗೆ ಸಿಗುವುದಿಲ್ಲ, ಕಳ್ಳರಿಗೂ ಸುಲಭದಲ್ಲಿ ಸಿಗುವುದಿಲ್ಲ.

ಒಣ ಕಾಳಿನ ಮೇಲಿನ ಹಸಿವು

ರಾಶಿ ಮಾಡಿದ ಜೋಳ ಎಷ್ಟೇ ಸ್ವಚ್ಛವಾಗಿ ಕಂಡರೂ ಅದು ಒಂಟಿಯಲ್ಲ. ಹೊಲದ ಮಣ್ಣಿನಿಂದ, ಕಣದ ಧೂಳಿನಿಂದ ಬಂದ ಬೂಸ್ಟಿನ ಬೀಜಕಗಳು, ಬ್ಯಾಕ್ಟೀರಿಯಾಗಳು ಪ್ರತಿ ಕಾಳಿನ ಮೇಲೂ ಕುಳಿತಿರುತ್ತವೆ. ಅವುಗಳಿಗೆ ಬೇಕಾದ ಊಟವೆಲ್ಲ ಅಲ್ಲೇ ಇದೆ. ಶಕ್ತಿಗೆ ಪಿಷ್ಟ, ಮೈ ಕಟ್ಟಲು ಪ್ರೋಟೀನಿನ ಸಾರಜನಕ, ಜೊತೆಗೆ ರಂಜಕ, ಪೊಟ್ಯಾಸಿಯಂ, ಕಬ್ಬಿಣ. ಆದರೂ ಅವು ಸುಮ್ಮನೆ ಕುಳಿತಿರುವುದು ಏಕೆ? ನೀರಿಲ್ಲದ್ದರಿಂದ.

ಸೂಕ್ಷ್ಮಜೀವಿಗೆ ಬಾಯಿಯೂ ಇಲ್ಲ, ಹೊಟ್ಟೆಯೂ ಇಲ್ಲ. ಅದು ಕಿಣ್ವಗಳನ್ನು ಹೊರಗೆ ಸುರಿದು, ಪಿಷ್ಟವನ್ನು ಸಕ್ಕರೆಯಾಗಿ ಒಡೆದು, ನೀರಿನಲ್ಲಿ ಕರಗಿದ ಆ ಸಕ್ಕರೆಯನ್ನು ಮೈಯಿಂದಲೇ ಹೀರಬೇಕು. ನೀರಿಲ್ಲದಿದ್ದರೆ ಊಟವೂ ಇಲ್ಲ. ಕಾಳಿನಲ್ಲಿ ತೇವ ಶೇ 12ರ ಆಸುಪಾಸು ಇದ್ದರೆ ಬೂಸ್ಟು ಏಳುವುದಿಲ್ಲ. ಶೇ 14 ದಾಟಿತೆಂದರೆ ಎಚ್ಚರಗೊಳ್ಳುತ್ತದೆ. ಬ್ಯಾಕ್ಟೀರಿಯಾಗಳಿಗೆ ಇನ್ನೂ ಹೆಚ್ಚು ತೇವ ಬೇಕು. ಕಾಳನ್ನು ಹಲ್ಲಿನಲ್ಲಿ ಕಚ್ಚಿ 'ಕಟ್' ಎನ್ನುವವರೆಗೆ ಒಣಗಿಸುತ್ತಿದ್ದ ನಮ್ಮ ಹಿರಿಯರ ಪರೀಕ್ಷೆಗೆ ಇದೇ ಅರ್ಥ.

ಒಮ್ಮೆ ನೀರು ಸಿಕ್ಕಿತೆಂದರೆ ಬೆಳವಣಿಗೆಯ ಲೆಕ್ಕ ಬೆರಗು ಹುಟ್ಟಿಸುವಂಥದ್ದು. ಅನುಕೂಲ ಪರಿಸ್ಥಿತಿಯಲ್ಲಿ ಇ. ಕೋಲಿ ಎಂಬ ಬ್ಯಾಕ್ಟೀರಿಯಾ 20 ನಿಮಿಷಕ್ಕೊಮ್ಮೆ ಒಂದು ಎರಡಾಗುತ್ತದೆ. ಹತ್ತು ಗಂಟೆಯಲ್ಲಿ 30 ಬಾರಿ ಇಮ್ಮಡಿಯಾದರೆ ಒಂದೇ ಒಂದು ಜೀವಿಯಿಂದ 107 ಕೋಟಿ! ಇದು ಹೀಗೆಯೇ ನಡೆಯುವುದಿಲ್ಲ ಎಂಬುದು ನಮ್ಮ ಪುಣ್ಯ. ಊಟ ಮುಗಿಯುತ್ತದೆ, ತಮ್ಮದೇ ಹೊಲಸು ತಮಗೆ ವಿಷವಾಗುತ್ತದೆ, ಬೆಳವಣಿಗೆ ನಿಲ್ಲುತ್ತದೆ. ಮೊದಲು ತಡೆದು ನಿಲ್ಲುವುದು, ಆಮೇಲೆ ನಾಗಾಲೋಟ, ನಂತರ ಸ್ಥಿರತೆ, ಕೊನೆಗೆ ಸಾವು: ಎಲ್ಲ ಸೂಕ್ಷ್ಮಜೀವಿ ಸಮೂಹಗಳ ಆಯುಷ್ಯದ ನಕ್ಷೆ ಹೆಚ್ಚುಕಡಿಮೆ ಹೀಗೆಯೇ. ಈ ಬೆಳವಣಿಗೆಯನ್ನು ಗಣಿತಕ್ಕೆ ಕೂಡಿಸಿದವರಲ್ಲಿ ಫ್ರಾನ್ಸಿನ ಜಾಕ್ ಮೊನೊ ಮುಖ್ಯರು. ಊಟದ ಪ್ರಮಾಣಕ್ಕೂ ಬೆಳವಣಿಗೆಯ ವೇಗಕ್ಕೂ ಇರುವ ನಂಟನ್ನು ಅವರು 1940ರ ದಶಕದಲ್ಲಿ ತೋರಿಸಿಕೊಟ್ಟರು.

ಗಾಳಿ ಇದ್ದರೆ ಒಂದು, ಇಲ್ಲದಿದ್ದರೆ ಇನ್ನೊಂದು

ಸಕ್ಕರೆ ಸಿಕ್ಕಮೇಲೆ ಅದರಿಂದ ಶಕ್ತಿ ತೆಗೆಯುವುದು ಹೇಗೆ? ಒಲೆಯಲ್ಲಿ ಕಟ್ಟಿಗೆ ಉರಿದಂತೆಯೇ, ಆದರೆ ಬೆಂಕಿಯಿಲ್ಲದೆ, ಹಂತಹಂತವಾಗಿ. ಆಮ್ಲಜನಕ ಇದ್ದಾಗ ಸಕ್ಕರೆ ಪೂರ್ತಿ ಉರಿದು ಇಂಗಾಲದ ಡೈ ಆಕ್ಸೈಡ್ ಮತ್ತು ನೀರು ಆಗುತ್ತದೆ. ಬಂದ ಶಕ್ತಿಯನ್ನು ಜೀವಕೋಶ ಎ.ಟಿ.ಪಿ. ಎಂಬ ಅಣುಗಳ ರೂಪದಲ್ಲಿ ಇಟ್ಟುಕೊಳ್ಳುತ್ತದೆ. ದೊಡ್ಡ ನೋಟನ್ನು ಸಂತೆಗೆ ಹೋಗುವ ಮುನ್ನ ಚಿಲ್ಲರೆ ಮಾಡಿಸಿಕೊಂಡಂತೆ. ಹೀಗೆ ಒಂದು ಗ್ಲೂಕೋಸ್ ಅಣುವಿನಿಂದ ಸುಮಾರು 30 ಚಿಲ್ಲರೆ ನಾಣ್ಯಗಳು ಹುಟ್ಟುತ್ತವೆ. ಬೂಸ್ಟು ಮಾಡುವುದೂ ಇದನ್ನೇ, ನುಸಿ ಮಾಡುವುದೂ ಇದನ್ನೇ, ಜೀವಂತ ಬೀಜವಾದ ಜೋಳದ ಕಾಳು ಮಾಡುವುದೂ ಇದನ್ನೇ, ನಾವು ನೀವು ಮಾಡುವುದೂ ಇದನ್ನೇ. ಇದಕ್ಕೆ ಉಸಿರಾಟ ಎಂದು ಹೆಸರು.

ಆಮ್ಲಜನಕ ಇಲ್ಲದಾಗ ಕೆಲವು ಸೂಕ್ಷ್ಮಜೀವಿಗಳು ಬೇರೆ ದಾರಿ ಹಿಡಿಯುತ್ತವೆ. ಸಕ್ಕರೆಯನ್ನು ಅರ್ಧಕ್ಕೇ ಬಿಟ್ಟು ಆಮ್ಲವನ್ನೋ ಮದ್ಯಸಾರವನ್ನೋ ಹೊರಗೆ ಹಾಕುತ್ತವೆ. ಸಿಗುವುದು ಬರೀ ಎರಡು ನಾಣ್ಯ. ರಾತ್ರಿ ಹೆಪ್ಪು ಹಾಕಿದ ಹಾಲು ಬೆಳಿಗ್ಗೆ ಮೊಸರಾಗುವುದು ಇಂಥ ಅರೆಬರೆ ದುಡಿಮೆಯಿಂದಲೇ. ಗಾಳಿಯಿಲ್ಲದೆಯೂ ಜೀವ ಇರಬಲ್ಲದು ಎಂದು 1861ರಲ್ಲಿ ಲೂಯಿ ಪಾಸ್ಚರ್ ತೋರಿಸಿದಾಗ ಅನೇಕರಿಗೆ ನಂಬುವುದು ಕಷ್ಟವಾಗಿತ್ತು.

ಕಾಲು ಕೆ.ಜಿ. ಜೋಳದ ಲೆಕ್ಕ

ಈಗ ಹಗೇವಿಗೆ ಮರಳೋಣ. ಒಂದು ಘನ ಮೀಟರ್ ಗಾಳಿಯಲ್ಲಿ ಸುಮಾರು 270 ಗ್ರಾಂ ಆಮ್ಲಜನಕ ಇರುತ್ತದೆ. ಅದಷ್ಟನ್ನೂ ಮುಗಿಸಲು ಕಾಲು ಕೆ.ಜಿ.ಗಿಂತ ತುಸು ಕಡಿಮೆ ಪಿಷ್ಟ ಉರಿದರೆ ಸಾಕು. ಹತ್ತು ಘನ ಮೀಟರಿನ ಹಗೇವಿನಲ್ಲಿ ಸುಮಾರು 70 ಕ್ವಿಂಟಲ್ ಜೋಳ ಹಿಡಿಯುತ್ತದೆ. ಕಾಳಿನ ಸಂದುಗಳಲ್ಲಿ ಉಳಿಯುವ ಗಾಳಿ ಸುಮಾರು ನಾಲ್ಕು ಘನ ಮೀಟರ್. ಅಂದರೆ 7,000 ಕೆ.ಜಿ. ಜೋಳದಲ್ಲಿ ಹೆಚ್ಚೆಂದರೆ ಒಂದು ಕೆ.ಜಿ. ಈ ಕಾಣದ ಉಸಿರಾಟಕ್ಕೆ ಸಂದರೆ ಒಳಗಿನ ಆಮ್ಲಜನಕವೆಲ್ಲ ಮುಗಿದು, ಆ ಜಾಗದಲ್ಲಿ ಇಂಗಾಲದ ಡೈ ಆಕ್ಸೈಡ್ ನಿಲ್ಲುತ್ತದೆ.

ಅಲ್ಲಿಗೆ ನುಸಿ ಉಸಿರುಗಟ್ಟಿ ಸಾಯುತ್ತದೆ. ಬೂಸ್ಟು ನಿಲ್ಲುತ್ತದೆ. ಒಂದು ಕೆ.ಜಿ. ಕಪ್ಪ ಕೊಟ್ಟು ಉಳಿದ ರಾಶಿ ಬದುಕಿಕೊಳ್ಳುತ್ತದೆ. ಇಂದು ಅಂಗಡಿಯಲ್ಲಿ ಸಿಗುವ, ಗಾಳಿಯಾಡದ ಪ್ಲಾಸ್ಟಿಕ್ ಚೀಲಗಳು ಕಾಳನ್ನು ಕಾಯುವುದೂ ಇದೇ ತತ್ವದ ಮೇಲೆ.

ಆದರೆ ಕಾಳು ಹಸಿಯಿದ್ದರೆ ಈ ಲೆಕ್ಕ ತಲೆಕೆಳಗಾಗುತ್ತದೆ. ಉಸಿರಾಟದಿಂದ ನೀರೂ ಶಾಖವೂ ಹುಟ್ಟುತ್ತವೆ. ಆ ನೀರು ಪಕ್ಕದ ಕಾಳನ್ನು ನೆನೆಸುತ್ತದೆ. ನೆನೆದ ಕಾಳಿನಲ್ಲಿ ಇನ್ನಷ್ಟು ಬೂಸ್ಟು ಏಳುತ್ತದೆ. ಗಾಳಿ ಆಡುವ ಕಡೆ ಇದು ನಿಲ್ಲುವುದೇ ಇಲ್ಲ. ಮುಗ್ಗಿದ ಜೋಳ ಬರೀ ರುಚಿಗೆಟ್ಟದ್ದಲ್ಲ. 1995ರಲ್ಲಿ ದಖನ್ ಪ್ರಸ್ಥಭೂಮಿಯ ಕೆಲವು ಹಳ್ಳಿಗಳಲ್ಲಿ ಅಕಾಲ ಮಳೆಗೆ ನೆನೆದು ಬೂಸ್ಟು ಹಿಡಿದ ಜೋಳ, ಗೋವಿನಜೋಳ ಉಂಡವರು ಹೊಟ್ಟೆನೋವು, ಭೇದಿಯಿಂದ ನರಳಿದರು. ಬೂಸ್ಟು ಹುಟ್ಟಿಸುವ ಫ್ಯುಮೋನಿಸಿನ್ ಎಂಬ ವಿಷ ಇದಕ್ಕೆ ಕಾರಣವೆಂದು ವಿಜ್ಞಾನಿಗಳು 1997ರಲ್ಲಿ ವರದಿ ಮಾಡಿದರು.

ಕಂದೀಲು ಹೇಳುವ ಮಾತು

ಇನ್ನು ಮನುಷ್ಯನ ಮಾತು. ನಾವು ಉಸಿರಾಡುವ ಗಾಳಿಯಲ್ಲಿ ಆಮ್ಲಜನಕ ಶೇ 21ರಷ್ಟಿದೆ. ಶೇ 10ಕ್ಕಿಂತ ಕೆಳಗಿಳಿದರೆ ಪ್ರಜ್ಞೆ ತಪ್ಪುತ್ತದೆ. ಶೇ 6ಕ್ಕಿಂತ ಕಡಿಮೆಯಾದರೆ ಕೆಲವೇ ನಿಮಿಷಗಳಲ್ಲಿ ಸಾವು. ಆಮ್ಲಜನಕವೇ ಇಲ್ಲದ ಗಾಳಿಯನ್ನು ಒಂದೆರಡು ಬಾರಿ ಎಳೆದುಕೊಂಡರೂ ಸಾಕು, ಮನುಷ್ಯ ಕೂಗುವ ಮೊದಲೇ ಕುಸಿಯುತ್ತಾನೆ. ಬಣ್ಣವಿಲ್ಲ, ವಾಸನೆಯ ಸುಳಿವಿಲ್ಲ. ಇಂಗಾಲದ ಡೈ ಆಕ್ಸೈಡ್ ಗಾಳಿಗಿಂತ ಒಂದೂವರೆ ಪಟ್ಟು ಭಾರವಾದ್ದರಿಂದ ಬಾಯಿ ತೆರೆದ ಮಾತ್ರಕ್ಕೆ ಹೊರಗೆ ಬರುವುದಿಲ್ಲ, ತಳದಲ್ಲೇ ಕೂರುತ್ತದೆ. ಮೇಲಿನ ಕಾಳು ತೆಗೆದು ಮುಚ್ಚಿ, ಮತ್ತೆ ತೆರೆದ ಅರೆಖಾಲಿ ಹಗೇವು ಇನ್ನೂ ಅಪಾಯದ್ದು. ಏಕೆಂದರೆ ಆಗ ತಳದವರೆಗೆ ಇಳಿಯಲೇಬೇಕು. ಇಳಿಯುತ್ತಿದ್ದವರು ಹೆಚ್ಚಾಗಿ ಮನೆಯ ಹರೆಯದ ಹುಡುಗರು, ಇಲ್ಲವೇ ಕೂಲಿಯಾಳುಗಳು.

ಹಗೇವು ತೆರೆದು ಬಹಳ ಹೊತ್ತು ಹಾಗೇ ಬಿಟ್ಟು, ಹಗ್ಗಕ್ಕೆ ಕಂದೀಲು ಕಟ್ಟಿ ಇಳಿಸಿ, ಅದು ಆರಿದರೆ ಯಾರೂ ಇಳಿಯಬಾರದೆನ್ನುವ ಪದ್ಧತಿ ಬೆಳೆದದ್ದು ಇದಕ್ಕಾಗಿಯೇ. ಆಮ್ಲಜನಕ ಶೇ 16-17ಕ್ಕೆ ಇಳಿದರೆ ದೀಪ ಆರುತ್ತದೆ. ಮನುಷ್ಯ ಬೀಳುವುದಕ್ಕೆ ಮೊದಲೇ ಅದು ಎಚ್ಚರಿಸುತ್ತದೆ. ಆದರೆ ದೀಪ ಉರಿಯಿತೆಂದು ಎಲ್ಲ ಕಡೆ ಇಳಿಯುವಂತಿಲ್ಲ. ಇಂದು ಹಗೇವುಗಳು ಬಹುತೇಕ ಮುಚ್ಚಿಹೋಗಿವೆ, ಜೋಳ ಚೀಲ ಸೇರಿ ಗೋದಾಮಿಗೆ ಹೋಗುತ್ತದೆ. ಅವುಗಳ ಜಾಗದಲ್ಲಿ ಊರೂರಿಗೂ ಬಂದಿರುವುದು ಶೌಚಗುಂಡಿ, ಒಳಚರಂಡಿ. ಅಲ್ಲಿನ ಬ್ಯಾಕ್ಟೀರಿಯಾಗಳು ಆಮ್ಲಜನಕವನ್ನು ಮುಗಿಸಿದ ಮೇಲೂ ಸುಮ್ಮನಿರುವುದಿಲ್ಲ. ಕೆಲವು ಸಲ್ಫೇಟನ್ನೇ ಉಸಿರಾಡಿ ಹೈಡ್ರೋಜನ್ ಸಲ್ಫೈಡ್ ಎಂಬ ಕಡುವಿಷ ಬಿಡುತ್ತವೆ. ಇನ್ನು ಕೆಲವು ಜೀವಿಗಳು ಮೀಥೇನ್ ಬಿಡುತ್ತವೆ. ಮೀಥೇನ್ ಇರುವೆಡೆ ಕಂದೀಲು ಇಳಿಸಿದರೆ ಸ್ಫೋಟವೇ ಆದೀತು.

ಸುರಕ್ಷಾ ಸಾಧನಗಳಿಲ್ಲದೆ ಒಳಚರಂಡಿ, ಶೌಚಗುಂಡಿಗಳಿಗೆ ಮನುಷ್ಯರನ್ನು ಇಳಿಸುವುದನ್ನು 2013ರ ಕಾಯ್ದೆ ನಿಷೇಧಿಸಿದೆ. ಒಳಚರಂಡಿಯಲ್ಲಿ ಸತ್ತವರ ಕುಟುಂಬಕ್ಕೆ 10 ಲಕ್ಷ ರೂಪಾಯಿ ಇದ್ದ ಪರಿಹಾರವನ್ನು 2023ರಲ್ಲಿ ಸುಪ್ರೀಂ ಕೋರ್ಟು 30 ಲಕ್ಷಕ್ಕೆ ಏರಿಸಿತು. ಆದರೂ ಇಂಥ ಸಾವಿನ ಸುದ್ದಿ ಪತ್ರಿಕೆಗೆ ಬರುವುದು ನಿಂತಿಲ್ಲ. ಒಬ್ಬ ಬಿದ್ದ, ಅವನನ್ನು ಎತ್ತಲು ಹೋದ ಇನ್ನೊಬ್ಬನೂ ಬಿದ್ದ ಎಂಬುದೇ ಆ ಸುದ್ದಿಗಳ ಸಾಮಾನ್ಯ ಸಾಲು. ಬಿದ್ದವನನ್ನು ಉಳಿಸಬೇಕಾದರೆ ಇಳಿಯಬಾರದು. ಗಾಳಿ ಊದಬೇಕು, ಹಗ್ಗದಿಂದ ಎಳೆಯಬೇಕು, ಅಗ್ನಿಶಾಮಕ ದಳದವರನ್ನು ಕರೆಯಬೇಕು.

ಸೂಕ್ಷ್ಮಜೀವಿಯ ಹೆಸರನ್ನೂ ಕೇಳದ ಕಾಲದಲ್ಲಿ ನಮ್ಮ ಸೀಮೆಯ ಜನ ಒಂದು ಕಂದೀಲು ಇಳಿಸಿ ನೋಡುವಷ್ಟು ತಾಳ್ಮೆ ಇಟ್ಟುಕೊಂಡಿದ್ದರು. ಹಗೇವು ಹೋಯಿತೆಂದು ಆ ತಾಳ್ಮೆಯನ್ನೂ ಮುಚ್ಚಿಬಿಡಬಾರದು.