ಸೀಲು ಒಡೆದ ಪ್ಲೇಟು

ಬೆಂಗಳೂರಿನ ಹೆವಿ ಮೆಟಲ್ ತಂಡ ‘ಕ್ರಿಪ್ಟೋಸ್’ ತನ್ನ ಏಳನೆಯ ಆಲ್ಬಂ ‘ಡೆಸಿಮೇಟರ್’ ಅನ್ನು ಹೊರತಂದದ್ದು 2024ರ ಜುಲೈಯಲ್ಲಿ. ಪುತ್ತೂರು, ಸುಳ್ಯ, ಕಡಬದ ಕಡೆ ಅದು ಆಟಿ ಬಾಗಿಲಿಗೆ ಬಂದು ನಿಂತ ಹೊತ್ತು. ಅಡಿಕೆಗೆ ಮದ್ದು ಬಿಡಲು ಅರ್ಧ ದಿನದ ಬಿಸಿಲು ಸಿಕ್ಕೀತೇ ಎಂದು ಮುಗಿಲು ನೋಡುವ ದಿನಗಳು. ಇಂಥ ಆಲ್ಬಂಗಳ ಸೀಮಿತ ಆವೃತ್ತಿಯೆಂದು ಸಂಗ್ರಾಹಕರು ಆಸೆಪಟ್ಟು ಕೊಳ್ಳುವ ವಿನೈಲ್ ತಟ್ಟೆಗೆ ಇದಕ್ಕಿಂತ ಕಷ್ಟದ ಊರು ಬೇರೆ ಇರಲಿಕ್ಕಿಲ್ಲ.

ಕ್ರಿಪ್ಟೋಸ್ ಹುಟ್ಟಿದ್ದು 1998ರಲ್ಲಿ. ಮೊದಲ ಆಲ್ಬಂ ‘ಸ್ಪೈರಲ್ ಅಸೆಂಟ್’ 2004ರದ್ದು. 2013ರಲ್ಲಿ ಜರ್ಮನಿಯ ವಾಕನ್ ಉತ್ಸವದಲ್ಲಿ ನುಡಿಸಿದರು. 2016ರ ‘ಬರ್ನ್ ಅಪ್ ದ ನೈಟ್’ನಿಂದೀಚೆಗೆ ಅವರ ಆಲ್ಬಂಗಳು ಬರುತ್ತಿರುವುದೂ ಜರ್ಮನಿಯ ಎಎಫ್‌ಎಂ ರೆಕಾರ್ಡ್ಸ್‌ನಿಂದಲೇ. ಎಂಬತ್ತರ ದಶಕದ ಮೆಟಲ್ ಅವರ ಮನೆದೇವರು. ಎರಡು ಗಿಟಾರುಗಳು ಒಂದೇ ಓಟದಲ್ಲಿ ಹೊರಟು, ಒಂದರ ಬೆನ್ನಿಗೆ ಒಂದು ಏರುತ್ತವೆ. ಯಕ್ಷಗಾನದ ಬೆಳಗಿನ ಜಾವದ ಯುದ್ಧದ ಪದ್ಯಕ್ಕೆ ಚೆಂಡೆ, ಮದ್ದಳೆ ಕೂಡಿ ಏರುವುದನ್ನು ಗದ್ದೆಯಲ್ಲಿ ಕುಳಿತು ಕೇಳಿದ ಕಿವಿಗೆ ಈ ಸುಖವನ್ನು ಯಾರೂ ಬಿಡಿಸಿ ಹೇಳಬೇಕಿಲ್ಲ.

ಪ್ಲೇಟಿಗೂ ನಮಗೂ ನಂಟು ಹಳೆಯದು. ಅಜ್ಜನ ಕಾಲದ 78 ಸುತ್ತಿನ ತಟ್ಟೆಗಳಲ್ಲಿ ಇದ್ದದ್ದು ಅರಗು. ಪಾಂಡವರನ್ನು ಸುಡಲು ಕಟ್ಟಿದ ಮನೆಯದೇ ಅರಗು. ಮುತ್ತುಗದಂಥ ಮರಗಳ ಕೊಂಬೆಯಲ್ಲಿ ಸಣ್ಣ ಕೀಟ ಸ್ರವಿಸುವ ಅಂಟು ಅದು. ಜಗತ್ತಿನ ಗ್ರಾಮಫೋನುಗಳು ಹಾಡಿದ್ದು ಬಹುಪಾಲು ಭಾರತದ ಅರಗಿನ ಮೇಲೆ. ಕೈಜಾರಿದರೆ ಹೋಳು. 1948ರಲ್ಲಿ ಕೊಲಂಬಿಯಾ ಕಂಪನಿ ವಿನೈಲಿನ ಎಲ್‌ಪಿ ತಂದಿತು: ಹನ್ನೆರಡು ಇಂಚು, ನಿಮಿಷಕ್ಕೆ ಮೂವತ್ತಮೂರೂ ಚಿಲ್ಲರೆ ಸುತ್ತು, ಒಂದು ಮಗ್ಗುಲಿಗೆ ಇಪ್ಪತ್ತು ನಿಮಿಷದ ಆಸುಪಾಸು ಹಾಡು.

ಸೀಮಿತ ಆವೃತ್ತಿ ಎಂದರೆ ಬರೀ ಮಾರಾಟದ ಜಾಣತನ ಎಂದು ನಾನು ಒಪ್ಪುವುದಿಲ್ಲ. ಹಾಡನ್ನು ಗೆರೆಯಾಗಿ ಕೊರೆದು, ಅದರಿಂದ ನಿಕಲ್ ಅಚ್ಚು ತೆಗೆದು, ಬಿಸಿ ಪಿವಿಸಿ ಮುದ್ದೆಯನ್ನು ಎರಡು ಅಚ್ಚುಗಳ ನಡುವೆ ಒತ್ತಬೇಕು. ಒತ್ತುತ್ತಾ ಹೋದಂತೆ ಅಚ್ಚು ಸವೆಯುತ್ತದೆ. ಸಣ್ಣ ತಂಡಕ್ಕೆ ಕೆಲವೇ ನೂರು ಪ್ರತಿ ಹಾಕಿಸುವುದೇ ದೊಡ್ಡ ಖರ್ಚು. ಹಾಗಿದ್ದೂ ಅಮೆರಿಕದಲ್ಲಿ 2022ರಲ್ಲಿ ಸಿ.ಡಿ. 3.3 ಕೋಟಿ ಮಾರಾಟವಾದರೆ ವಿನೈಲ್ 4.1 ಕೋಟಿ, 1987ರ ಬಳಿಕ ವಿನೈಲ್ ಮುಂದೆ ಹೋದದ್ದು ಅದೇ ಮೊದಲು. ಕೋಲ್ಕತ್ತದ ಡಂ ಡಂ ಕಾರ್ಖಾನೆಯಲ್ಲಿ ತಟ್ಟೆ ಒತ್ತುವುದು ನಿಂತು ದಶಕಗಳಾದ ಮೇಲೆ, 2024ರಲ್ಲಿ ಮುಂಬೈಯಲ್ಲಿ ಮತ್ತೆ ಒಂದು ಘಟಕ ಶುರುವಾಯಿತು. ಕನ್ನಡದ ರಾಕ್ ತಂಡಗಳು ಅತ್ತ ಹೊರಳಬೇಕೆಂಬುದು ನನ್ನ ದೊಡ್ಡ ಆಸೆ.

ಸಂಗ್ರಾಹಕರ ನಿಯಮ ಒಂದೇ: ಪ್ಲಾಸ್ಟಿಕ್ ಹೊದಿಕೆ ಬಿಚ್ಚಬೇಡ, ಬೆಲೆ ಇಳಿಯುತ್ತದೆ. ಅದನ್ನು ಪಾಲಿಸಿದ ಒಂದು ಮಳೆಗಾಲ ನನಗೆ ನೆನಪಿದೆ. ನವರಾತ್ರಿಗೆ ಕಪಾಟು ತೆಗೆದರೆ ರಟ್ಟಿನ ಹೊದಿಕೆ ಒಳಗೇ ಬೆವತು ಉಬ್ಬಿತ್ತು, ಅಂಚಿನಲ್ಲಿ ಬಿಳಿ ಬೂಸ್ಟು. ಇನ್ನೊಂದನ್ನು ಒಲೆಯ ಮೇಲಿನ ಅಟ್ಟದಲ್ಲಿ ಬೆಚ್ಚಗಿರಲೆಂದು ಇಟ್ಟಿದ್ದೆ. ಅದು ಹಲಸಿನ ಹಪ್ಪಳದಂತೆ ಸೊಟ್ಟಗಾಗಿ, ಸೂಜಿ ದೋಣಿಯ ಹಾಗೆ ಏಳುತ್ತ ಬೀಳುತ್ತ ಹೋಯಿತು.

ಈಗ ತಂದ ದಿನವೇ ಸೀಲು ಒಡೆಯುತ್ತೇನೆ. ತಟ್ಟೆಯನ್ನು ನೆಟ್ಟಗೆ ನಿಲ್ಲಿಸುತ್ತೇನೆ. ವಾರಕ್ಕೊಮ್ಮೆ ಹೊರತೆಗೆದು, ಅಂಚು ಮಾತ್ರ ಹಿಡಿದು, ಮೆತ್ತನೆಯ ಬಟ್ಟೆಯನ್ನು ಗೆರೆಯ ಗುಂಟ ಸುತ್ತಿಸಿ ಒರೆಸುತ್ತೇನೆ. ಗಾಳಿ ಆಡಿದ ಪ್ಲೇಟಿಗೆ ಬೂಸ್ಟು ಬೇಗ ಬರುವುದಿಲ್ಲ. ನಮ್ಮ ಮೂರು ತಾಲೂಕುಗಳಲ್ಲಿ ಅದನ್ನು ಉಳಿಸಿಕೊಳ್ಳುವ ದಾರಿ ಅದನ್ನು ಹಾಕಿ ಕೇಳುವುದೇ.

ಮೊನ್ನೆ ಸಂಜೆ ಎರಡನೆಯ ಮಗ್ಗುಲಿನ ನಡುವೆ ಗಾಳಿಮಳೆ ಹೊಡೆದು ಕರೆಂಟು ಹೋಯಿತು. ತಟ್ಟೆ ಫಕ್ಕನೆ ನಿಲ್ಲಲಿಲ್ಲ. ಸುತ್ತು ನಿಧಾನವಾಗುತ್ತ, ಗಿಟಾರು ದಪ್ಪವಾಗುತ್ತ, ಕೊನೆಗೆ ಹಾಡುವವನ ಧ್ವನಿ ಕೋಣದ ಗುಟುರಿನಂತಾಗಿ ಕತ್ತಲಲ್ಲಿ ಮುಳುಗಿತು. ಸೂಜಿ ಎತ್ತಿಟ್ಟು ಚಿಮಿಣಿ ದೀಪ ಹಚ್ಚಿದೆ. ಕರೆಂಟು ಬಂದದ್ದು ರಾತ್ರಿ ಹತ್ತಕ್ಕೆ. ಮಗ್ಗುಲಿನ ಮೊದಲಿನಿಂದಲೇ ಹಾಕಿದೆ.